ಹಳೆಯ ಟ್ರೆಡಲ್ ಮುದ್ರಣಯಂತ್ರಕ್ಕೆ ಬೆಂಗಳೂರಿನಲ್ಲಿ ಬಿಡಿಭಾಗ ಹೊಂದಿಸುವ ಬಗೆ

ಸುಲ್ತಾನ್‌ಪೇಟೆ, ಕಾಟನ್‌ಪೇಟೆ ಮತ್ತು ಅವೆನ್ಯೂ ರಸ್ತೆಯ ಒಳಗಲ್ಲಿಗಳಲ್ಲಿ ಟ್ರೆಡಲ್ ಯಂತ್ರಗಳು, ಎಂದರೆ ಮೊದಲು ಕಾಲಿನಿಂದ ತುಳಿದು ಓಡಿಸುತ್ತಿದ್ದ ಸಣ್ಣ ಮುದ್ರಣಯಂತ್ರಗಳು, ಇನ್ನೂ ಪೂರ್ತಿ ನಿಂತಿಲ್ಲ. ಮೊಳೆ (ಲೋಹದ ಅಕ್ಷರದಚ್ಚು) ಜೋಡಿಸಿ ಪುಸ್ತಕ ಅಚ್ಚುಹಾಕುವ ಕೆಲಸ ಅವುಗಳಿಂದ ಎಂದೋ ಕೈಬಿಟ್ಟು ಹೋಗಿದ್ದರೂ, ಬಿಲ್‌ಬುಕ್ಕಿಗೆ ಸಂಖ್ಯೆ ಹಾಕುವುದು, ಹಾಳೆ ಹರಿದು ತೆಗೆಯಲು ರಂಧ್ರಸಾಲು ಕೊರೆಯುವುದು, ಲಗ್ನಪತ್ರಿಕೆಗೆ ಮಡಿಕೆಯ ಗೆರೆ ಒತ್ತುವುದು, ಡೈ ಇಟ್ಟು ರಟ್ಟು ಕತ್ತರಿಸುವುದು ಮುಂತಾದ ಕೆಲಸಗಳಿಗೆ ಅವು ಇಂದಿಗೂ ಬೇಕು. ಇತ್ತೀಚೆಗೆ ಮೊಳೆ ಮುದ್ರಣವನ್ನೇ ಪ್ರೀತಿಯಿಂದ ಕಲಿಯಬೇಕೆಂದು ಮುಚ್ಚಿದ ಮುದ್ರಣಾಲಯಗಳಿಂದ ಯಂತ್ರ ಕೊಳ್ಳುವವರೂ ಇದ್ದಾರೆ. ಇವರೆಲ್ಲರಿಗೂ ಎದುರಾಗುವ ತೊಂದರೆ ಒಂದೇ: ಯಂತ್ರ ತಯಾರಿಸಿದ ಕಂಪನಿ ಇಲ್ಲ, ಅದರ ಏಜೆಂಟ್ ಇಲ್ಲ, ಬಿಡಿಭಾಗದ ಅಂಗಡಿಯೂ ಇಲ್ಲ.

ಇಷ್ಟಕ್ಕೇ ಯಂತ್ರವನ್ನು ತೂಕಕ್ಕೆ ಹಾಕುವವರನ್ನು ಕಂಡಾಗ ಸಂಕಟವಾಗುತ್ತದೆ, ಏಕೆಂದರೆ ಬಿಡಿಭಾಗ ಸಿಗದು ಎಂಬ ಮಾತು ಬಹುಪಾಲು ಸಂದರ್ಭಗಳಲ್ಲಿ ನಿಜವಲ್ಲ. ಟ್ರೆಡಲ್ ಯಂತ್ರದ ಭಾಗಗಳಲ್ಲಿ ಕೆಲವು ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಬೇರೆ ಹೆಸರಿನಲ್ಲಿ ಸಿಗುವ ಸಾಮಾನ್ಯ ವಸ್ತುಗಳು. ಇನ್ನು ಕೆಲವನ್ನು ಲೇತ್ ಇರುವ ಯಾವ ಕಾರ್ಖಾನೆಯವರಾದರೂ ಮಾಡಿಕೊಡಬಲ್ಲರು. ನಿಜವಾಗಿ ಇನ್ನೊಂದು ಹಳೆಯ ಯಂತ್ರದಿಂದಲೇ ತೆಗೆಯಬೇಕಾದ, ಇಲ್ಲವೇ ಹೊಸದಾಗಿ ಎರಕ ಹುಯ್ಯಿಸಬೇಕಾದ ಭಾಗಗಳು ಬೆರಳೆಣಿಕೆಯಷ್ಟು ಮಾತ್ರ. ನಿಮಗೆ ಬೇಕಾದದ್ದು ಈ ಮೂರರಲ್ಲಿ ಯಾವ ಬಗೆಯದು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಟರೆ ಅರ್ಧ ಕೆಲಸ ಮುಗಿದ ಹಾಗೆ.

ಯಂತ್ರದ ಗುರುತು

ನಮ್ಮಲ್ಲಿ ಟ್ರೆಡಲ್ ಎಂದು ಕರೆಯುವ ಯಂತ್ರಗಳಲ್ಲಿ ಹೆಚ್ಚಿನವು 19ನೆಯ ಶತಮಾನದ ನಡುವೆ ಅಮೆರಿಕದ ಜಾರ್ಜ್ ಫಿನಿಯಾಸ್ ಗಾರ್ಡನ್ ರೂಪಿಸಿದ ವಿನ್ಯಾಸದ ಸಂತತಿ. ಅದೇ ವಿನ್ಯಾಸವನ್ನು ಹಿಡಿದು 1881ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಆರಂಭವಾದ ಚಾಂಡ್ಲರ್ ಅಂಡ್ ಪ್ರೈಸ್ ಕಂಪನಿ 1964ರವರೆಗೆ ಯಂತ್ರಗಳನ್ನು ತಯಾರಿಸಿತು. ಅದನ್ನೂ ಬ್ರಿಟಿಷ್ ಮಾದರಿಗಳನ್ನೂ ನೋಡಿ ನಮ್ಮ ದೇಶದಲ್ಲೇ ಎರಕ ಹುಯ್ದು ಕಟ್ಟಿದ ಯಂತ್ರಗಳು ಅನೇಕ. ಮುದ್ರಣ ಮತ್ತು ಕಾಗದ ಕತ್ತರಿಸುವ ಯಂತ್ರಗಳಿಗೆ ಹೆಸರಾದ ಅಮೃತಸರದ ಕಡೆಯಿಂದ ಬಂದ ಯಂತ್ರಗಳನ್ನು ನಮ್ಮ ಮುದ್ರಣಾಲಯಗಳಲ್ಲಿ ಈಗಲೂ ಕಾಣಬಹುದು. ಇವುಗಳ ಜೊತೆಗೆ ತಾನೇ ಕಾಗದ ಹಿಡಿದು ಒಯ್ಯುವ ಹೈಡೆಲ್‌ಬರ್ಗ್ ಪ್ಲೇಟನ್ ಮತ್ತು ಮೇಜಿನ ಮೇಲಿಡುವ ಇಂಗ್ಲೆಂಡಿನ ಅಡಾನಾ ಎಂಬ ಕೈಯಂತ್ರಗಳೂ ಅಲ್ಲಲ್ಲಿ ಇವೆ.

ಹೆಸರಿನ ತಗಡು ಕಳಚಿಹೋಗಿದ್ದರೂ ಗುರುತು ಹಿಡಿಯಲು ದಾರಿಗಳುಂಟು. ಮೊದಲು ಚೇಸಿನ, ಎಂದರೆ ಮೊಳೆಗಳನ್ನು ಬಿಗಿಯುವ ಕಬ್ಬಿಣದ ಚೌಕಟ್ಟಿನ, ಒಳ ಅಳತೆಯನ್ನು ಇಂಚಿನಲ್ಲಿ ತೆಗೆದುಕೊಳ್ಳಬೇಕು: 8 × 12, 10 × 15, 12 × 18 ಎಂಬವು ಗಾರ್ಡನ್ ಬಗೆಯ ಯಂತ್ರಗಳ ರೂಢಿಯ ಅಳತೆಗಳು, 8 × 5 ಎಂದಾದರೆ ಅದು ಅಡಾನಾ ಇರಬಹುದು. ಚಾಂಡ್ಲರ್ ಅಂಡ್ ಪ್ರೈಸ್ ಯಂತ್ರದಲ್ಲಿ ಮೊಳೆ ಕೂರುವ ಹಾಸಿನ ಮೇಲಿನ ಎಡ ಮೂಲೆಯಲ್ಲಿ, ಎದುರಿಗೆ ನಿಂತು ನೋಡಿದರೆ, ಕ್ರಮಸಂಖ್ಯೆ ಕೊರೆದಿರುತ್ತದೆ. ಮಸಿ ಮತ್ತು ಬಣ್ಣದ ಪದರವನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿದರೆ ಅದು ಕಾಣುತ್ತದೆ. ಎರಕದ ಭಾಗಗಳ ಮೇಲೆ ಉಬ್ಬಿಕೊಂಡಿರುವ ಅಂಕಿಗಳು ಯಂತ್ರದ ಸಂಖ್ಯೆಯಲ್ಲ, ಆ ಭಾಗದ ಅಚ್ಚಿನ ಸಂಖ್ಯೆ. ಹಳೆಯ ಬಿಡಿಭಾಗ ಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಅಂತರಜಾಲದಲ್ಲಿ ಇಟ್ಟಿರುವುದರಿಂದ, ಆ ಸಂಖ್ಯೆಯೊಂದಿದ್ದರೆ ಭಾಗದ ಹೆಸರು, ಆಕಾರ, ಅದು ಕೂರುವ ಜಾಗ ಎಲ್ಲವನ್ನೂ ಹುಡುಕಿ ತೆಗೆಯಬಹುದು.

ಭಾರತದಲ್ಲೇ ತಯಾರಾದ ಯಂತ್ರಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಅವು ನೋಡಲು ಅಮೆರಿಕದ ಮಾದರಿಯಂತೆಯೇ ಇದ್ದರೂ ಪ್ರತಿಯೊಂದನ್ನೂ ಕೈಯಿಂದ ಉಜ್ಜಿ ಹೊಂದಿಸಿ ಕಟ್ಟಿದ್ದರಿಂದ, ಒಂದರ ಭಾಗ ಅದೇ ಕಾರ್ಖಾನೆಯ ಇನ್ನೊಂದಕ್ಕೂ ಸರಿಯಾಗಿ ಕೂರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಹೆಸರಿಗಿಂತ ಅಳತೆಯನ್ನೇ ನಂಬಬೇಕು.

ಅಳತೆ ತೆಗೆಯುವುದು

ಅಳತೆಗೆ ಮುನ್ನ ಭಾಗ ನಿಜವಾಗಿ ಹೋಗಿದೆಯೇ ಎಂದು ನೋಡಬೇಕು. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಎಣ್ಣೆ ಗಟ್ಟಿಯಾಗಿ ಅಂಟಾಗಿರುತ್ತದೆ, ಎಣ್ಣೆ ಬಿಡುವ ರಂಧ್ರಗಳಲ್ಲಿ ಕಾಗದದ ಪುಡಿ ತುಂಬಿರುತ್ತದೆ, ಮತ್ತು ಮುರಿದಿದೆ ಎಂದುಕೊಂಡ ಸನ್ನೆ ಬರೀ ಹಿಡಿದುಕೊಂಡಿರುತ್ತದೆ. ಸೀಮೆಎಣ್ಣೆ ಬಿಟ್ಟು ಒಂದೆರಡು ದಿನ ನೆನೆಯಲು ಬಿಡುವುದು, ರಂಧ್ರಗಳನ್ನು ತಂತಿಯಿಂದ ಬಿಡಿಸುವುದು, ಹೊಸ ಎಣ್ಣೆ ಹಾಕಿ ಹಾರುಗಾಲಿಯನ್ನು (ಫ್ಲೈವೀಲ್) ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸುವುದು ಇವೆಲ್ಲ ಆದಮೇಲೆ ಮಾತ್ರ ಅಂಗಡಿಯ ಮಾತು. ಹಿಡಿದುಕೊಂಡ ಬೀಡು ಕಬ್ಬಿಣದ ಮೇಲೆ ಸುತ್ತಿಗೆ ಎತ್ತಲೇಬಾರದು.

ಕಳೆದುಹೋದ ಬೋಲ್ಟು ಅತ್ಯಂತ ಸಣ್ಣ ವಿಷಯವೆಂದು ತೋರಿದರೂ ಹೆಚ್ಚು ಯಂತ್ರಗಳು ಕೆಡುವುದು ಅದರಿಂದಲೇ. ಬ್ರಿಟಿಷ್ ಯಂತ್ರಗಳಲ್ಲೂ ಅವುಗಳನ್ನು ನೋಡಿ ಮಾಡಿದ ನಮ್ಮ ಯಂತ್ರಗಳಲ್ಲೂ ವಿಟ್‌ವರ್ತ್ ಎಂಬ ಬ್ರಿಟಿಷ್ ಅಳತೆಯ ಮರೆ (ತಿರುಪಿನ ಸುತ್ತುಹಲ್ಲು) ಇರುತ್ತದೆ. ಅದರ ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದ ಮರೆಯಲ್ಲಿ ಮತ್ತು ಇಂದಿನ ಮೆಟ್ರಿಕ್ ಮರೆಯಲ್ಲಿ ಅದು 60 ಡಿಗ್ರಿ. ಕಾಲು ಇಂಚಿನ ಬೋಲ್ಟಿಗೆ ಇಂಚಿಗೆ 20 ಹಲ್ಲು, ಮೂರು ನೂಲಿನ (3/8 ಇಂಚಿನ) ಬೋಲ್ಟಿಗೆ 16 ಹಲ್ಲು ಎಂಬುದು ವಿಟ್‌ವರ್ತ್‌ಗೂ ಅಮೆರಿಕದ ಒರಟು ಮರೆಗೂ ಸಮಾನವಾದ್ದರಿಂದ ಒಂದು ಇನ್ನೊಂದರೊಳಗೆ ಸಲೀಸಾಗಿ ಹೋಗುತ್ತದೆ, ಆದರೆ ಹಲ್ಲುಗಳು ಪೂರ್ತಿ ತಾಗದೆ ಬಿಗಿಮಾಡಿದಾಗ ಮರೆ ಜಾರುತ್ತದೆ. ನಾಲ್ಕು ನೂಲಿಗೆ, ಎಂದರೆ ಅರ್ಧ ಇಂಚಿಗೆ ಬಂದಾಗ ವಿಟ್‌ವರ್ತ್‌ನಲ್ಲಿ 12 ಹಲ್ಲು, ಅಮೆರಿಕದ್ದರಲ್ಲಿ 13. ಇಲ್ಲಿ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ, ಆಗ ಪಾನಾ ಹಾಕಿ ಒತ್ತಾಯಿಸಿದರೆ ಎರಕದ ಒಳಮರೆ ಹಾಳಾಗುತ್ತದೆ. ಎಂ12 ಮೆಟ್ರಿಕ್ ಬೋಲ್ಟಿನ ವ್ಯಾಸ 12 ಮಿ.ಮೀ., ಅರ್ಧ ಇಂಚೆಂದರೆ 12.7, ಆ ಸಡಿಲವನ್ನು ಟೇಪು ಸುತ್ತಿ ತುಂಬುವುದು ರಿಪೇರಿಯಲ್ಲ. ಎರಡೂ ಕೋನಗಳ ಥ್ರೆಡ್ ಗೇಜುಗಳನ್ನು ಇಟ್ಟುಕೊಳ್ಳುವುದಕ್ಕೆ ಆಗುವ ಖರ್ಚು ಬಹಳ ಕಡಿಮೆ, ಅದು ಉಳಿಸುವುದು ಬಹಳ ಹೆಚ್ಚು.

ಗೂಟದಂತೆ ಒಂದು ಕಡೆ ಸಪೂರವಾಗಿರುವ ಟೇಪರ್ ಪಿನ್ನುಗಳಲ್ಲೂ ಇದೇ ಕಥೆ. ಇಂಚಿನ ಪಿನ್ನಿನ ಇಳಿಜಾರು 48ಕ್ಕೆ 1, ಮೆಟ್ರಿಕ್ ಪಿನ್ನಿನದು 50ಕ್ಕೆ 1. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ತಪ್ಪು ಪಿನ್ನು ಒಂದು ತುದಿಯಲ್ಲಿ ಮಾತ್ರ ಹಿಡಿದು, ಯಂತ್ರ ಓಡಿದಂತೆ ಸಡಿಲಗೊಂಡು ಬೀಳುತ್ತದೆ. ಮೆಟ್ರಿಕ್ ಪಿನ್ನು ಮಾತ್ರ ಸಿಕ್ಕರೆ ರಂಧ್ರವನ್ನು ಮೆಟ್ರಿಕ್ ರೀಮರಿನಿಂದ ಒಂದು ಗಾತ್ರ ಹಿಗ್ಗಿಸಿ ಕೂರಿಸುವುದು ಸರಿಯಾದ ದಾರಿ.

ಹಲ್ಲು ಮುರಿದ ಗೇರಿಗೆ ಹಲ್ಲುಗಳನ್ನು ಎಣಿಸಿ, ಹೊರವ್ಯಾಸವನ್ನು ಇಂಚಿನಲ್ಲಿ ಅಳೆದು, ಹಲ್ಲಿನ ಸಂಖ್ಯೆಗೆ 2 ಕೂಡಿಸಿ ವ್ಯಾಸದಿಂದ ಭಾಗಿಸಿದರೆ ಹಲ್ಲಿನ ಗಾತ್ರ ತಿಳಿಸುವ ಡಯಾಮೆಟ್ರಲ್ ಪಿಚ್ (ಡಿಪಿ) ಬರುತ್ತದೆ. 30 ಹಲ್ಲು, 4 ಇಂಚು ವ್ಯಾಸ ಎಂದಾದರೆ 32ನ್ನು 4ರಿಂದ ಭಾಗಿಸಿ 8 ಡಿಪಿ. ಇದನ್ನು ಮೆಟ್ರಿಕ್ ಅಳತೆಯಾದ ಮಾಡ್ಯೂಲಿಗೆ ತಿರುಗಿಸಿದರೆ 3.175 ಆಗುತ್ತದೆ, ಹತ್ತಿರದ್ದೆಂದು 3 ಮಾಡ್ಯೂಲಿನ ಗೇರು ಹಾಕಲು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಜೊತೆಗೇರಿನ ಹಲ್ಲನ್ನೂ ತಿನ್ನುತ್ತದೆ. ಹಲ್ಲಿನ ಒತ್ತುಕೋನವನ್ನೂ ಕೇಳಬೇಕು: ಹಳೆಯ ಗೇರುಗಳಲ್ಲಿ ಅದು ಸಾಮಾನ್ಯವಾಗಿ 14.5 ಡಿಗ್ರಿ, ಇಂದಿನ ಗೇರುಗಳಲ್ಲಿ 20. ಪೀಣ್ಯದ ಗೇರ್ ಕತ್ತರಿಸುವವರ ಬಳಿ ಹೋಗುವಾಗ ಮುರಿದ ಗೇರಿನ ಜೊತೆಗೆ ಅದು ಹೊಂದುವ ಗೇರನ್ನೂ ಸಾಧ್ಯವಾದರೆ ಒಯ್ಯಿರಿ. ಎರಡನ್ನೂ ಕಣ್ಣೆದುರು ಇಟ್ಟುಕೊಂಡವರು ತಪ್ಪು ಮಾಡುವುದು ಕಡಿಮೆ.

ಸವೆದ ಶಾಫ್ಟನ್ನು ಸವೆಯದ ಜಾಗದಲ್ಲಿ, ಸಾಮಾನ್ಯವಾಗಿ ತುದಿಯಲ್ಲಿ ಅಥವಾ ಕಾಲರಿನ ಕೆಳಗೆ, ಅಳೆಯಬೇಕು. ಸ್ಪ್ರಿಂಗಿಗೆ ತಂತಿಯ ದಪ್ಪ, ಹೊರವ್ಯಾಸ, ಸುತ್ತುಗಳ ಸಂಖ್ಯೆ, ಬಿಡುವಾಗಿದ್ದಾಗಿನ ಉದ್ದ ನಾಲ್ಕೂ ಬೇಕು. ಇವುಗಳಲ್ಲಿ ತಂತಿಯ ದಪ್ಪದ ಮೇಲೆ ಹೆಚ್ಚು ಗಮನವಿರಲಿ, ಏಕೆಂದರೆ ಸ್ಪ್ರಿಂಗಿನ ಬಿಗಿತ ಆ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ: ತಂತಿ ಶೇ. 10ರಷ್ಟು ದಪ್ಪವಾದರೆ ಬಿಗಿತ ಶೇ. 46ರಷ್ಟು ಹೆಚ್ಚುತ್ತದೆ. ರೋಲರ್ ಹಿಡಿಯುವ ಕೊಕ್ಕೆಗೆ ಅಂಥ ಬಿಗಿ ಸ್ಪ್ರಿಂಗು ಹಾಕಿದರೆ ರೋಲರಿನ ತುದಿಯ ಚಕ್ರಗಳೂ ಅವು ಉರುಳುವ ಹಳಿಯೂ ಬೇಗ ಸವೆಯುತ್ತವೆ.

ರೋಲರುಗಳು

ಹಣವೂ ತಾಳ್ಮೆಯೂ ಮಿತವಾಗಿದ್ದರೆ ಎರಡನ್ನೂ ಮೊದಲು ಖರ್ಚು ಮಾಡಬೇಕಾದದ್ದು ರೋಲರುಗಳ ಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಂತ್ರದ ಉಳಿದೆಲ್ಲ ಸರಿಯಿದ್ದು ರೋಲರ್ ಕೆಟ್ಟಿದ್ದರೆ ಅಚ್ಚು ಕೆಟ್ಟಿರುತ್ತದೆ. ಕನ್ನಡದ ಮಟ್ಟಿಗೆ ಇದು ಇನ್ನೂ ಹೆಚ್ಚು ನಿಜ. ರೋಲರ್ ಮೊಳೆಯ ಮೇಲೆ ಹೆಚ್ಚು ಒತ್ತಿದರೆ ಮಸಿ ಮುಖದಿಂದ ಪಕ್ಕಕ್ಕೆ ಇಳಿದು ಮೊದಲು ತುಂಬಿಕೊಳ್ಳುವುದು ಒತ್ತಕ್ಷರಗಳ ಸಣ್ಣ ಸುಳಿಗಳು. 'ಷ್ಟ್ರ', 'ಕ್ಷ್ಮ' ಇರುವ ಪದಗಳನ್ನು ಅಚ್ಚುಹಾಕಿ ಭೂತಗನ್ನಡಿಯಿಂದ ನೋಡಿದರೆ ರೋಲರಿನ ಸ್ಥಿತಿ ಅಲ್ಲೇ ತಿಳಿಯುತ್ತದೆ.

ಹಿಂದಿನ ಕಾಲದ ರೋಲರುಗಳನ್ನು ವಜ್ರ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಮತ್ತು ಕಾಕಂಬಿ ಅಥವಾ ಗ್ಲಿಸರಿನ್ ಬೆರೆಸಿ ಕಾಯಿಸಿ ಕೊಳವೆಯಲ್ಲಿ ಹುಯ್ದು ಮಾಡುತ್ತಿದ್ದರು. ಅವು ಮಸಿಯನ್ನು ಸೊಗಸಾಗಿ ಹಿಡಿಯುತ್ತಿದ್ದವು, ಆದರೆ ಬೇಸಿಗೆಯಲ್ಲಿ ಕರಗುತ್ತಿದ್ದವು, ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತಿದ್ದವು. ಇಂದು ಅದರ ಬದಲು ನೈಟ್ರೈಲ್ ರಬ್ಬರನ್ನು ಹೊದಿಸುವುದೇ ಸರಿ. ಬೆಂಗಳೂರಿನಲ್ಲಿ ಆಫ್‌ಸೆಟ್ ಯಂತ್ರಗಳ ರೋಲರುಗಳಿಗೆ ರಬ್ಬರ್ ಹೊದಿಸುವ ಉದ್ಯಮ ಚೆನ್ನಾಗಿ ನಡೆಯುತ್ತಿರುವುದರಿಂದ ಇದಕ್ಕಾಗಿ ಊರು ಬಿಡಬೇಕಾಗಿಲ್ಲ. ಆದರೆ ಆಫ್‌ಸೆಟ್ಟಿಗೆ ಹೊದಿಸುವ ರಬ್ಬರು ಗಡುಸು; ಏನೂ ಹೇಳದೆ ಕೊಟ್ಟರೆ ಅದನ್ನೇ ಹೊದಿಸುತ್ತಾರೆ. ಮೊಳೆ ಮುದ್ರಣಕ್ಕೆ ರಬ್ಬರಿನ ಗಡುಸು ಅಳೆಯುವ ಶೋರ್ ಎ ಮಾಪಕದಲ್ಲಿ 20ರಿಂದ 30ರೊಳಗಿನ ಮೃದುತ್ವ ಬೇಕೆಂದು ಬರೆದೇ ಕೊಡಬೇಕು.

ಕೊಡುವಾಗ ಒಳಗಿನ ಕಬ್ಬಿಣದ ಸಲಾಕೆಯನ್ನು ಮೊದಲು ಪರೀಕ್ಷಿಸಿ. ಎರಡು ವಿ-ಬ್ಲಾಕುಗಳ ಮೇಲಿಟ್ಟು ತಿರುಗಿಸಿದಾಗ ನಡುವೆ ಡಯಲ್ ಗೇಜಿನ ಮುಳ್ಳು ಹೆಚ್ಚು ಓಲಾಡಿದರೆ ಸಲಾಕೆ ಬಾಗಿದೆ ಎಂದರ್ಥ. ಅದನ್ನು ನೇರ ಮಾಡಿಸದೆ ರಬ್ಬರ್ ಹೊದಿಸಿದರೆ ಹಣ ವ್ಯರ್ಥ. ರಬ್ಬರ್ ಬೆಂದ ಮೇಲೆ ಅದನ್ನು ಸಾಣೆಯಲ್ಲಿ ಅಂತಿಮ ವ್ಯಾಸಕ್ಕೆ ತರಬೇಕು, ಕತ್ತರಿಸಿ ಬಿಟ್ಟ ಮೇಲ್ಮೈ ಸಾಲದು. ಅಂತಿಮ ವ್ಯಾಸ ಎಷ್ಟಿರಬೇಕೆಂಬುದಕ್ಕೆ ಉತ್ತರ ರೋಲರಿನ ತುದಿಯಲ್ಲಿರುವ ಚಕ್ರಗಳಲ್ಲಿದೆ: ಚಕ್ರದ ಮೂಲ ವ್ಯಾಸವೂ ರಬ್ಬರಿನ ವ್ಯಾಸವೂ ಸಮನಾಗಿರಬೇಕು. ಚಕ್ರ ಸವೆದು ಸಣ್ಣದಾಗಿದ್ದರೆ ಅದೂ ಹೊಸದಾಗಬೇಕು, ಮತ್ತು ಅದನ್ನು ನೈಲಾನ್ ಅಥವಾ ಡೆಲ್ರಿನ್ ಸಲಾಕೆಯಿಂದ ಯಾವ ಲೇತಿನವರಾದರೂ ಸುಲಭವಾಗಿ ತಿರುಗಿಸಿ ಕೊಡುತ್ತಾರೆ.

ಹೊಸ ರೋಲರನ್ನು ಹಾಕಿದ ಮೇಲೆ ಮಾಡುವ ಪರೀಕ್ಷೆಯೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊಳೆಯ ಎತ್ತರ 0.918 ಇಂಚು, ಎಂದರೆ 23.3 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟೇ ಎತ್ತರದ ಉಕ್ಕಿನ ಅಥವಾ ಹಿತ್ತಾಳೆಯ ತುಂಡೊಂದನ್ನು ಸಾಣೆ ಹಿಡಿಸಿ ಮಾಡಿಸಿಕೊಳ್ಳಿ. ತಟ್ಟೆಗೆ ತೆಳುವಾಗಿ ಮಸಿ ಹಚ್ಚಿ ರೋಲರುಗಳಿಗೆ ಮಸಿ ಹಿಡಿಸಿ, ಯಂತ್ರವನ್ನು ನಿಲ್ಲಿಸಿ, ಹಾಸಿನ ಮೇಲೆ ಆ ತುಂಡನ್ನು ಇಟ್ಟು, ರೋಲರ್ ಅದರ ಮೇಲೆ ಬರುವಂತೆ ಹಾರುಗಾಲಿಯನ್ನು ಕೈಯಿಂದ ತಿರುಗಿಸಿ ನಿಲ್ಲಿಸಿ ಹಿಂದಕ್ಕೆ ತನ್ನಿ. ತುಂಡಿನ ಮೇಲೆ ಬಿದ್ದ ಮಸಿಯ ಗೆರೆ ಸುಮಾರು 3 ಮಿ.ಮೀ. ಅಗಲವಿದ್ದರೆ ಸರಿ. ಗೆರೆ ದಪ್ಪವಾಗಿದ್ದರೆ ರೋಲರ್ ಹೆಚ್ಚು ಕೆಳಗಿದೆ, ಗೆರೆಯೇ ಇಲ್ಲದಿದ್ದರೆ ಮೇಲಿದೆ. ಇದನ್ನು ಹಾಸಿನ ನಾಲ್ಕು ಮೂಲೆಗಳಲ್ಲೂ ಮಾಡಿದರೆ ಹಳಿ ಯಾವ ಕಡೆ ಸವೆದಿದೆ ಎಂಬುದು ಬರೆದಿಟ್ಟಂತೆ ಕಾಣುತ್ತದೆ; ಸವೆದ ಹಳಿಯ ಮೇಲೆ ಗಟ್ಟಿ ಪ್ಲಾಸ್ಟಿಕ್ ಟೇಪನ್ನು ಒಂದೊಂದೇ ಪದರವಾಗಿ ಅಂಟಿಸುತ್ತ ಗೆರೆ ಸಮನಾಗುವವರೆಗೆ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಹಳಿಗೆ ವೆಲ್ಡಿಂಗ್ ಮಾಡಿಸಲು ಹೋಗುವ ಅಗತ್ಯವಿಲ್ಲ.

ಕೆಲಸ ಮುಗಿದ ಮೇಲೆ ರೋಲರುಗಳನ್ನು ಮಸಿತಟ್ಟೆಯ ಮೇಲೆ ಒತ್ತಿಕೊಂಡಂತೆ ಬಿಡಬಾರದು, ಒಂದೇ ಕಡೆ ಚಪ್ಪಟೆಯಾಗುತ್ತವೆ. ಅವನ್ನು ತೆಗೆದು ಸಲಾಕೆಯ ತುದಿಗಳ ಮೇಲೆ ಭಾರ ಬೀಳುವಂತೆ, ಬಿಸಿಲು ತಾಗದ ಕಡೆ ಇಡಬೇಕು.

ಊರೊಳಗೆ ಎಲ್ಲಿಗೆ ಹೋಗಬೇಕು

ಸಾಮಾನ್ಯ ವಸ್ತುಗಳಿಗೆ ಎಸ್.ಪಿ. ರಸ್ತೆ, ಎಂದರೆ ಸಾದರ ಪತ್ರಪ್ಪ ರಸ್ತೆ, ಮತ್ತು ಅದಕ್ಕೆ ಹೊಂದಿದ ಗಲ್ಲಿಗಳು ಸಾಕು. ವಿಟ್‌ವರ್ತ್ ಬೋಲ್ಟು, ಟೇಪರ್ ಪಿನ್ನು, ಕೀ ಸ್ಟೀಲು, ಚಪ್ಪಟೆ ಬೆಲ್ಟು, ಎಣ್ಣೆ ಬಟ್ಟಲು ಇವೆಲ್ಲ ಅಲ್ಲಿ ಸಿಗುತ್ತವೆ. ಅಂಗಡಿಯಲ್ಲಿ ಟ್ರೆಡಲ್ ಬಿಡಿಭಾಗ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಅರ್ಧ ಇಂಚು, 12 ಹಲ್ಲು, ಮೂರು ಇಂಚು ಉದ್ದ ಎಂದು ಕೇಳಿದರೆ ಡಬ್ಬಿ ಮುಂದೆ ಬರುತ್ತದೆ. ಜೆ.ಸಿ. ರಸ್ತೆಯ ಮೋಟಾರು ವಾಹನದ ಅಂಗಡಿಗಳನ್ನೂ ಮರೆಯಬಾರದು. ಬ್ರೇಕ್ ಸ್ಪ್ರಿಂಗುಗಳ ಪೈಕಿ ಕಾಗದ ಹಿಡಿಯುವ ಗ್ರಿಪ್ಪರಿಗೆ ಹೊಂದುವಂಥದು ಸಿಗುವುದುಂಟು.

ಕಾಗದವನ್ನು ಅದರ ಜಾಗದಲ್ಲಿ ನಿಲ್ಲಿಸುವ ಗೇಜ್ ಪಿನ್, ಚೇಸಿನೊಳಗೆ ಮೊಳೆ ಬಿಗಿಯುವ ಕ್ವಾಯಿನ್ ಮತ್ತು ಅದರ ಕೀಲಿಕೈ, ಸಂಖ್ಯೆಯಂತ್ರ, ಹರಿಗೆರೆಯ ಬ್ಲೇಡು ಮುಂತಾದವು ಮುದ್ರಣದ ಸರಕು ಮಾರುವ ಹಳೆಯ ಅಂಗಡಿಗಳಲ್ಲಿ ಉಳಿದಿರುತ್ತವೆ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಸುಲ್ತಾನ್‌ಪೇಟೆ, ಕಾಟನ್‌ಪೇಟೆಗಳಲ್ಲಿ ನಡೆಯುತ್ತ ಹೋದರೆ ಅಂಥ ಅಂಗಡಿಗಳೂ, ಅವುಗಳಿಗಿಂತ ಮುಖ್ಯವಾಗಿ ಟ್ರೆಡಲ್ ರಿಪೇರಿ ಬಲ್ಲ ಹಿರಿಯ ಕೆಲಸಗಾರರೂ ಸಿಗುತ್ತಾರೆ. ಡೈ ಕತ್ತರಿಸುವ ಮತ್ತು ಸಂಖ್ಯೆ ಹಾಕುವ ಕೆಲಸ ಮಾಡುವ ಸಣ್ಣ ಮಳಿಗೆಗಳಲ್ಲಿ ವಿಚಾರಿಸಿ. ಅವರ ಯಂತ್ರ ದಿನವೂ ಓಡುತ್ತದೆ, ಹಾಗಾಗಿ ಯಾರ ಬಳಿ ಏನಿದೆ, ಯಾರು ಯಂತ್ರ ತೆಗೆದುಹಾಕುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಮಧ್ಯಾಹ್ನದ ಹೊತ್ತು ಕೆಲಸದ ಒತ್ತಡ ತಗ್ಗಿದಾಗ, ಭಾಗದ ಚಿತ್ರ ಮತ್ತು ಅಳತೆ ಹಿಡಿದು ಹೋಗುವುದು ಒಳ್ಳೆಯದು. ಈ ಜ್ಞಾನ ಯಾವ ಪಟ್ಟಿಯಲ್ಲೂ ಇಲ್ಲ, ಅವರು ಬದುಕಿರುವವರೆಗೆ ಮಾತ್ರ ಇದೆ. ಅವರ ಸಮಯಕ್ಕೆ ತಕ್ಕ ಹಣ ಕೊಡುವುದು ಮರ್ಯಾದೆ.

ಗುಜರಿಯ ಬಗ್ಗೆ ಎರಡು ಮಾತು. ಭಾನುವಾರದ ಸಂತೆಯಲ್ಲಿ ಚೇಸು, ಕೀಲಿಕೈ, ಮೊಳೆಯ ಖಾನೆಗಳು ಸಿಗಬಹುದು, ಯಂತ್ರದ ದೊಡ್ಡ ಭಾಗ ಸಿಗುವುದು ಅಪರೂಪ. ಅಂಥವು ಸಿಗುವುದು ಮುದ್ರಣಾಲಯ ಮುಚ್ಚುವ ಸಮಯದಲ್ಲಿ, ಇಡೀ ಯಂತ್ರ ತೂಕಕ್ಕೆ ಹೋಗುವ ಮುನ್ನ. ಸರ್ಕಾರಿ ಸಂಸ್ಥೆಗಳು ಹಳೆಯ ಯಂತ್ರಗಳನ್ನು ಹರಾಜು ಹಾಕುವಾಗ ಕೇಂದ್ರ ಸರ್ಕಾರದ ಕಂಪನಿಯಾದ ಎಂಎಸ್‌ಟಿಸಿಯ ಇ-ಹರಾಜು ಪಟ್ಟಿಯಲ್ಲಿ ಅವು ಕಾಣಿಸಿಕೊಳ್ಳುತ್ತವೆ. ಒಂದು ಭಾಗಕ್ಕಾಗಿ ಇನ್ನೊಂದು ಯಂತ್ರವನ್ನು ಕೊಳ್ಳುವುದಾದರೆ ಅದು ಹಾಸು ಅಥವಾ ಚೌಕಟ್ಟು ಸೀಳಿದ, ಎಂದೂ ಓಡಲಾರದ ಯಂತ್ರವಾಗಿರಲಿ. ಓಡಬಲ್ಲ ಯಂತ್ರವನ್ನು ಬಿಚ್ಚಿ ಭಾಗ ಮಾರುವ ವ್ಯಾಪಾರ ಬೆಳೆದರೆ ಕೆಲವೇ ವರ್ಷಗಳಲ್ಲಿ ಎರಡೂ ಇಲ್ಲವಾಗುತ್ತವೆ. ಸೀಳಿದ ಯಂತ್ರ ಸಿಕ್ಕಾಗ ಮಾತ್ರ ಒಂದು ಭಾಗಕ್ಕೆ ನಿಲ್ಲಿಸದೆ ತೋಳು, ಕ್ಯಾಮ್ ಉರುಳೆ, ಗ್ರಿಪ್ಪರ್ ಸಲಾಕೆ, ರೋಲರಿನ ಕೊಕ್ಕೆ, ಮಸಿತಟ್ಟೆ ತಿರುಗಿಸುವ ನಾಲಿಗೆ ಎಲ್ಲವನ್ನೂ ತೆಗೆದು, ಎಣ್ಣೆ ಹಚ್ಚಿ, ಚೀಟಿ ಕಟ್ಟಿ ಇಟ್ಟುಕೊಳ್ಳಬೇಕು.

ಹೊಸದಾಗಿ ಮಾಡಿಸುವುದು

ಬುಷ್ (ಶಾಫ್ಟು ತಿರುಗುವ ಲೋಹದ ಕೊಳವೆ), ಶಾಫ್ಟು, ಪಿನ್ನು, ಕಾಲರುಗಳಿಗೆ ಕಾಮಾಕ್ಷಿಪಾಳ್ಯ, ರಾಜಾಜಿನಗರ ಕೈಗಾರಿಕಾ ಪ್ರದೇಶ ಮತ್ತು ಪೀಣ್ಯದ ಸಣ್ಣ ಕಾರ್ಖಾನೆಗಳೇ ಆಶ್ರಯ. ದೊಡ್ಡ ಕಾರ್ಖಾನೆಗಳು ಒಂದೇ ಒಂದು ತುಂಡಿನ ಕೆಲಸ ಹಿಡಿಯುವುದಿಲ್ಲ. ಒಂದು ಲೇತು, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ರಿಪೇರಿ ಕೆಲಸವನ್ನೇ ನಂಬಿರುವವರನ್ನು ಹುಡುಕಿ. ಬರೀ ಹಳೆಯ ತುಂಡನ್ನು ಕೊಟ್ಟು "ಇದೇ ಥರ" ಎಂದರೆ ಅದರ ಸವೆತವೂ ಸೇರಿ ಹೊಸದಾಗಿ ಬರುತ್ತದೆ. ಕೈಯಲ್ಲಿ ಬರೆದದ್ದಾದರೂ ಸರಿ, ಚಿತ್ರವೊಂದು ಬೇಕು. ಅದರಲ್ಲಿ ಯಾವ ಅಳತೆ ನಿಖರವಾಗಿರಬೇಕು, ಯಾವುದು ಹೆಚ್ಚುಕಡಿಮೆಯಾದರೂ ನಡೆಯುತ್ತದೆ ಎಂಬುದು ತಿಳಿಯಬೇಕು.

ಬುಷ್ಷಿಗೆ ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ ಒಳ್ಳೆಯದು. ಒಂದೂವರೆ ಇಂಚಿನ ಶಾಫ್ಟಿಗೆ ಸುಮಾರು 0.05 ಮಿ.ಮೀ. ಸಡಿಲ ಇರಬೇಕು. ಬುಷ್ಷನ್ನು ಅದರ ಮನೆಯೊಳಗೆ ಒತ್ತಿ ಕೂರಿಸಿದಾಗ ಒಳವ್ಯಾಸ ಕುಗ್ಗುವುದರಿಂದ, ಕೂರಿಸಿದ ಮೇಲೆಯೇ ರೀಮರ್ ಹಾಕಿ ಅಂತಿಮ ಅಳತೆಗೆ ತರಬೇಕು. ಎಣ್ಣೆಯ ರಂಧ್ರ ಹಳೆಯ ರಂಧ್ರಕ್ಕೆ ಸರಿಹೊಂದಿದೆಯೇ ಎಂದು ಹೊರಡುವ ಮುನ್ನ ಅಲ್ಲಿಯೇ ತಂತಿ ತೂರಿಸಿ ನೋಡಿ.

ಬೀಡಿನ ಭಾಗ ಮುರಿದಾಗ ಬೀದಿಬದಿಯ ವೆಲ್ಡಿಂಗಿಗೆ ಒಯ್ಯುವುದು ದೊಡ್ಡ ಅಪಾಯ. ಸಾಧಾರಣ ಉಕ್ಕಿನ ಕಡ್ಡಿಯಿಂದ ಬೆಸೆದರೆ ಬೆಸುಗೆಯ ಪಕ್ಕದ ಬೀಡು ಗಾಜಿನಂತೆ ಗಡುಸಾಗಿ, ತಣ್ಣಗಾಗುವಾಗಲೇ ಅಲ್ಲಿ ಹೊಸ ಬಿರುಕು ಹುಟ್ಟುತ್ತದೆ. ನಿಕ್ಕಲ್ ಕಡ್ಡಿಯಿಂದ ಸಣ್ಣ ಸಣ್ಣ ತುಂಡಾಗಿ ಬೆಸೆದು, ಪ್ರತಿ ಸಲವೂ ಸುತ್ತಿಗೆಯ ಮೊನೆಯಿಂದ ಮೆಲ್ಲಗೆ ತಟ್ಟಿ, ಕೈ ಇಡುವಷ್ಟು ತಣಿದ ಮೇಲೆ ಮುಂದುವರಿಯುವವರು ಬೇಕು. ಇಲ್ಲವೇ ಬಿರುಕನ್ನು ಇಳಿಜಾರಾಗಿ ಕೊರೆದು, ಇಡೀ ಭಾಗವನ್ನು ಕಾಯಿಸಿ ಹಿತ್ತಾಳೆ ಬೆಸುಗೆ ಹಾಕಿಸಬಹುದು. ಸನ್ನೆ, ಕೊಕ್ಕೆಗಳಿಗೆ ಇದು ಬಹಳ ಕಾಲ ಬಾಳುತ್ತದೆ.

ಪೂರ್ತಿ ಚೂರಾಗಿದ್ದರೆ ಎರಕ. ಎಫ್‌ಜಿ 200 ಅಥವಾ 260 ದರ್ಜೆಯ ಬೂದು ಬೀಡು ಎಂದು ಹೇಳಿದರೆ ಫೌಂಡ್ರಿಯವರಿಗೆ ತಿಳಿಯುತ್ತದೆ. ಬೆಂಗಳೂರಿನಲ್ಲಿ ಒಂದು ತುಂಡಿನ ಕೆಲಸ ಯಾರೂ ಹಿಡಿಯದಿದ್ದರೆ ಎರಕದ ಉದ್ಯಮಕ್ಕೆ ಹೆಸರಾದ ಬೆಳಗಾವಿಯಲ್ಲಿ ವಿಚಾರಿಸಬಹುದು. ಮುರಿದ ಭಾಗವನ್ನೇ ಅಂಟಿಸಿ ಅಚ್ಚಾಗಿ ಬಳಸಬಹುದಾದರೂ ಬೀಡು ತಣಿಯುವಾಗ ಸುಮಾರು ಶೇ. 1ರಷ್ಟು ಕುಗ್ಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು: 300 ಮಿ.ಮೀ. ಉದ್ದದ ತೋಳು 3 ಮಿ.ಮೀ. ಗಿಡ್ಡವಾಗಿ ಬರುತ್ತದೆ. ಕೊರೆದು ನುಣುಪು ಮಾಡಬೇಕಾದ ಮುಖಗಳಿಗೆ 3 ಮಿ.ಮೀ.ನಷ್ಟು ಹೆಚ್ಚಿನ ಲೋಹವೂ ಬೇಕು. ಆದ್ದರಿಂದ ಅಚ್ಚಿನ ಆ ಜಾಗಗಳನ್ನು ಮರದಿಂದಲೋ ಪುಟ್ಟಿಯಿಂದಲೋ ದಪ್ಪ ಮಾಡಿ, ರಂಧ್ರಗಳನ್ನು ಮುಚ್ಚಿ ಕೊಡಬೇಕು. ಪಕ್ಕದ ತೋಳುಗಳು ಜೋಡಿಯಾಗಿರುವ ಯಂತ್ರದಲ್ಲಿ ಒಂದು ಮುರಿದರೂ ಎರಡನ್ನೂ ಒಟ್ಟಿಗೆ ಒಂದೇ ಹಿಡಿತದಲ್ಲಿಟ್ಟು ರಂಧ್ರಗಳನ್ನು ಕೊರೆಸುವುದು ಅವಶ್ಯ. ಎರಡರ ಕೇಂದ್ರಗಳ ಅಂತರದಲ್ಲಿ ವ್ಯತ್ಯಾಸ ಬಂದರೆ ಕಾಗದವನ್ನು ಮೊಳೆಗೆ ಒತ್ತುವ ಹಲಗೆಯಾದ ಪ್ಲೇಟನ್ ಓರೆಯಾಗಿ ಒತ್ತುತ್ತದೆ, ಆಗ ಹಿಂದಿನ ತಿರುಪುಗಳಿಂದ ಎಷ್ಟು ಸರಿಪಡಿಸಿದರೂ ಅಚ್ಚು ಸಮನಾಗುವುದಿಲ್ಲ.

ಹೈಡೆಲ್‌ಬರ್ಗ್ ಪ್ಲೇಟನ್‌ನಲ್ಲಿ ಒಂದು ವಿಶೇಷವಿದೆ. ಅತಿಭಾರ ಬಿದ್ದಾಗ ಯಂತ್ರವನ್ನು ಉಳಿಸಲೆಂದೇ ಮುರಿಯುವ ಕಾಲರೊಂದನ್ನು ಅದರಲ್ಲಿ ಇಟ್ಟಿದ್ದಾರೆ. ಅದು ಮುರಿದಾಗ ಗಟ್ಟಿ ಉಕ್ಕಿನಲ್ಲಿ ಮಾಡಿಸಿ ಹಾಕಿದರೆ ಮುಂದಿನ ಸಲ ಮುರಿಯುವುದು ಯಂತ್ರವೇ. ಆ ಭಾಗವನ್ನು ಮಾತ್ರ ಅದಕ್ಕೆಂದೇ ತಯಾರಾದದ್ದನ್ನು ಕೊಂಡು ಹಾಕಬೇಕು. ಈ ಯಂತ್ರ 1985ರವರೆಗೂ ತಯಾರಾದದ್ದರಿಂದ ಮತ್ತು ರಟ್ಟಿನ ಪೆಟ್ಟಿಗೆಯ ಉದ್ಯಮದಲ್ಲಿ ಇನ್ನೂ ದುಡಿಯುತ್ತಿರುವುದರಿಂದ ಇದರ ಭಾಗಗಳು ಉಳಿದವುಗಳಿಗಿಂತ ಸುಲಭವಾಗಿ ಸಿಗುತ್ತವೆ.

ಹೊರದೇಶದಿಂದ ತರಿಸುವುದು

ಅಡಾನಾ ಮತ್ತು ಚಾಂಡ್ಲರ್ ಅಂಡ್ ಪ್ರೈಸ್ ಯಂತ್ರಗಳಿಗೆ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಭಾಗ ಮಾರುವವರಿದ್ದಾರೆ. ಗ್ರಿಪ್ಪರ್, ಚಕ್ರ, ಕೊಕ್ಕೆಗಳಂಥ ಹಗುರ ಭಾಗಕ್ಕೆ ಮಾತ್ರ ಇದು ಲಾಭ. ಬೀಡಿನ ಭಾರದ ಭಾಗಕ್ಕೆ ಸಾಗಣೆಯ ಖರ್ಚೇ ಇಲ್ಲಿ ಎರಕ ಹುಯ್ಯಿಸುವುದನ್ನು ಮೀರಬಹುದು. ಪೊಟ್ಟಣದ ಮೇಲೆ ಮುದ್ರಣಯಂತ್ರದ ಬಿಡಿಭಾಗ ಎಂದೂ, ಸುಂಕದ ಶೀರ್ಷಿಕೆ 8443 ಎಂದೂ ಸ್ಪಷ್ಟವಾಗಿ ಬರೆಯಲು ಮಾರುವವರಿಗೆ ತಿಳಿಸಿ, ನಿಮ್ಮ ಗುರುತಿನ ದಾಖಲೆಗಳನ್ನು ಕೊರಿಯರಿನವರಿಗೆ ಮೊದಲೇ ಕೊಟ್ಟಿರಿ. ಬರೀ ಯಂತ್ರದ ಭಾಗ ಎಂದು ಬರೆದ ಪೊಟ್ಟಣ ಕಸ್ಟಮ್ಸ್‌ನಲ್ಲಿ ಪ್ರಶ್ನೆಗಳಿಗೆ ಸಿಕ್ಕಿ ತಡವಾಗುತ್ತದೆ.

ಕೂರಿಸಿದ ಮೇಲೆ

ಯಾವ ಹೊಸ ಭಾಗ ಹಾಕಿದರೂ ಮೋಟಾರಿನ ಬೆಲ್ಟು ಕಳಚಿ, ಒತ್ತುವ ಸನ್ನೆಯನ್ನು ಬಿಡಿಸಿ, ಹಾಸಿನಲ್ಲಿ ಚೇಸು ಇಲ್ಲದೆ ಹಾರುಗಾಲಿಯನ್ನು ಕೈಯಿಂದ ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಎಲ್ಲಿಯಾದರೂ ತಡೆದರೆ ಅಲ್ಲಿಯೇ ನಿಲ್ಲಿಸಿ ಕಾರಣ ಹುಡುಕಬೇಕು. ಗ್ರಿಪ್ಪರುಗಳನ್ನು ಬದಲಿಸಿದ್ದರೆ ಅವು ಚೇಸಿನ ಅಂಚಿಗೂ ಮೊಳೆಗೂ ತಾಗದಂತೆ ಹೊರಗೆ ಸರಿದಿವೆಯೇ ಎಂಬುದನ್ನು ಪ್ಲೇಟನ್ ಮುಚ್ಚಿದ ಸ್ಥಿತಿಯಲ್ಲಿ ದೀಪ ಹಿಡಿದು ನೋಡಿ. ಒಂದು ಸಲ ತಾಗಿದರೂ ಮೊಳೆಗಳ ಒಂದು ಸಾಲೇ ಜಜ್ಜಿಹೋಗುತ್ತದೆ, ಮತ್ತು ಕನ್ನಡ ಮೊಳೆ ಹುಯ್ದುಕೊಡುವವರನ್ನು ಹುಡುಕುವುದು ಯಂತ್ರದ ಯಾವ ಭಾಗಕ್ಕಿಂತಲೂ ಕಷ್ಟ. ಆಮೇಲೆ ಬೆಲ್ಟು ಹಾಕಿ ನಿಧಾನವಾಗಿ ಓಡಿಸುತ್ತ, ಹೊಸ ಬುಷ್ ಇರುವ ಜಾಗಕ್ಕೆ ಆಗಾಗ ಯಂತ್ರವನ್ನು ನಿಲ್ಲಿಸಿ ಕೈಯಿಟ್ಟು ಬಿಸಿಯನ್ನು ನೋಡಬೇಕು. ಬೆಚ್ಚಗಾದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿಯಾದರೆ ಸಡಿಲ ಸಾಲದು, ಮತ್ತೊಮ್ಮೆ ರೀಮರ್ ಹಾಕಿಸಬೇಕು.

ತೆಗೆದ ಹಳೆಯ ಭಾಗವನ್ನು, ಅದು ಮೂರು ಚೂರಾಗಿದ್ದರೂ, ಎಸೆಯಬೇಡಿ. ಯಂತ್ರದ ಹೆಸರು, ಚೇಸಿನ ಅಳತೆ, ಭಾಗ ಕೂರುವ ಜಾಗ ಮತ್ತು ಹೊಸದನ್ನು ಮಾಡಿದ ಕಾರ್ಖಾನೆಯ ವಿವರವನ್ನು ಬರೆದ ಚೀಟಿ ಕಟ್ಟಿ, ಚಿತ್ರದ ಪ್ರತಿಯೊಂದಿಗೆ ಪೆಟ್ಟಿಗೆಯಲ್ಲಿಡಿ; ಅದೇ ಮಾದರಿಯ ಯಂತ್ರ ಇಟ್ಟುಕೊಂಡ ಇನ್ನೊಬ್ಬರು ಕೇಳಿಕೊಂಡು ಬಂದಾಗ ಅವರಿಗೆ ಬೇಕಾಗುವುದು ಆ ಚೂರುಗಳೂ ಆ ಅಳತೆಗಳೂ.